ಗಿರಿಯ ರಾತ್ರಿಗೂ ಒಂದು ಲೆಕ್ಕವಿರಲಿ

ವಾರಾಂತ್ಯ ಬಂತೆಂದರೆ ಜಗಳೂರಿನಂಥ ಬಯಲುಸೀಮೆಯ ಊರುಗಳ ಹುಡುಗರಿಗೂ ಚಿಕ್ಕಮಗಳೂರಿನ ಗಿರಿಗಳ ಸೆಳೆತ. ಸಂಜೆ ಟೆಂಟು, ರಾತ್ರಿ ಬೆಂಕಿ, ಬೆಳಗ್ಗೆ ಮಂಜಿನ ನಡುವೆ ಸೂರ್ಯೋದಯ, ಮಧ್ಯಾಹ್ನದ ಹೊತ್ತಿಗೆ ವಾಪಸು. ಬಿಸಿಲೂರಿನವರು ತಂಪು ಬಯಸುವುದರಲ್ಲಿ ತಪ್ಪೇನಿಲ್ಲ. ಆದರೆ ಗಿರಿಯ ಮೇಲೆ ಎಲ್ಲಿ ತಂಗಬೇಕು, ಒಂದು ರಾತ್ರಿಗೆ ಎಷ್ಟು ಜನ ತಂಗಬಹುದು ಎಂಬುದು ನಿಗದಿಯಾಗಲೇಬೇಕು. ಈ ಕಟ್ಟುಪಾಡನ್ನು ಎಲ್ಲರಿಗಿಂತ ಮೊದಲು ಕೇಳಬೇಕಾದವರು ಬಯಲುಸೀಮೆಯವರೇ.

ಕಾರಣ ನೀರು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ಒಳಗೊಂಡ ಬಾಬಾಬುಡನ್ ಶ್ರೇಣಿಯ ಸೋಮವಾಹಿನಿ ಭದ್ರೆಯನ್ನು ಸೇರುತ್ತದೆ. ಇನ್ನೊಂದು ಮಗ್ಗುಲಿನ ತೊರೆಗಳು ವೇದಾವತಿಯಾಗಿ ವಾಣಿವಿಲಾಸ ಸಾಗರಕ್ಕೆ ಹರಿಯುತ್ತವೆ. ಭದ್ರಾ ಮೇಲ್ದಂಡೆ ಯೋಜನೆಯ ನೀರಿಗೆ ಜಗಳೂರು ವರ್ಷಗಳಿಂದ ಬಾಯಿಬಿಟ್ಟು ಕಾದಿದೆ. ಆ ಹರಿವಿನ ಒಂದು ಪಾಲನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದು ಗಿರಿಯ ಹುಲ್ಲುಗಾವಲು ಮತ್ತು ಶೋಲಾ ಕಾಡು. ತುಳಿತಕ್ಕೆ ಮಣ್ಣು ಗಟ್ಟಿಯಾದಷ್ಟೂ ಮಳೆ ಇಂಗದೆ ಜಾರಿಹೋಗುತ್ತದೆ. ಚಳಿ ಕಳೆಯುವ ಹೊತ್ತಿಗೆ ಹುಲ್ಲು ಒಣಗಿರುತ್ತದೆ. ಆರಿಸದೆ ಬಿಟ್ಟ ಒಂದು ಕೆಂಡ ಇಡೀ ಇಳಿಜಾರನ್ನು ಸುಡಬಲ್ಲದು. ಹಗಲಿನ ಪ್ರವಾಸಿ ನೋಡಿ ಹೋಗುತ್ತಾನೆ. ರಾತ್ರಿ ತಂಗುವವನಿಗೆ ಒಲೆ, ನೀರು, ಶೌಚ, ಬೆಳಕು ಎಲ್ಲವೂ ಬೇಕು, ಅದೂ ಕಾಡುಪ್ರಾಣಿಗಳು ಮೇವಿಗೆ ಹೊರಡುವ ಹೊತ್ತಿನಲ್ಲೇ.

ಹಾಗಾದರೆ ನಿಷೇಧಿಸಿಬಿಡಿ ಎನ್ನುವವರಿದ್ದಾರೆ. ಪ್ರತಿ ಗುಡ್ಡಕ್ಕೂ ಕಾವಲು ಹಾಕುವಷ್ಟು ಸಿಬ್ಬಂದಿ ಎಲ್ಲಿದ್ದಾರೆ? ನಿಷೇಧವಾದರೆ ಟೆಂಟು ಯಾರ ಕಣ್ಣಿಗೂ ಬೀಳದ ಕಡೆಗೆ ಸರಿಯುತ್ತದೆ, ಅಷ್ಟೇ. ಮಿತಿ ಹಾಕಲು ಸಾಧ್ಯ ಎಂಬುದಕ್ಕೆ ಉದಾಹರಣೆಯೂ ನಮ್ಮಲ್ಲೇ ಇದೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಂಗುಳಿಯಾದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ತಡೆ ಹಾಕಿತು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ, ದಿನಕ್ಕೆ ಒಂದು ಹಾದಿಗೆ 300 ಜನರ ಮಿತಿಯೊಂದಿಗೆ, ಮುಂಗಡ ಕಾಯ್ದಿರಿಸುವ ವ್ಯವಸ್ಥೆ ತಂದಿತು. ಹಗಲಿನ ನಡಿಗೆಗೆ ಇರುವ ಲೆಕ್ಕ ರಾತ್ರಿಯ ವಾಸಕ್ಕೇಕೆ ಬೇಡ? ರೆಸಾರ್ಟುಗಳನ್ನು ಬಿಟ್ಟು ಬಡವರ ಟೆಂಟಿನ ಮೇಲೇಕೆ ಕಣ್ಣು ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಿತಿ ರೆಸಾರ್ಟಿಗೂ ಹೋಮ್‌ಸ್ಟೇಗೂ ಅನ್ವಯಿಸಬೇಕು. ಟೆಂಟಿನ ಶುಲ್ಕ ವಿದ್ಯಾರ್ಥಿಯ ಕೈಗೆಟುಕುವಂತೆಯೇ ಇರಬೇಕು. ಜನರನ್ನು ಸಂಖ್ಯೆಯಿಂದ ತಡೆಯಬೇಕೇ ಹೊರತು ದುಡ್ಡಿನಿಂದಲ್ಲ.

ಮಲೆನಾಡಿಗೆ ಬುದ್ಧಿ ಹೇಳುವ ಮುನ್ನ ಜಗಳೂರು ತನ್ನ ಅಂಗಳವನ್ನೂ ನೋಡಿಕೊಳ್ಳಬೇಕು. 2011ರಲ್ಲಿ ಘೋಷಣೆಯಾದ ರಂಗಯ್ಯನದುರ್ಗ ವನ್ಯಜೀವಿಧಾಮ ಇರುವುದು ನಾಲ್ಕು ಕೊಂಬಿನ, ನಾಚಿಕೆ ಸ್ವಭಾವದ ಕೊಂಡುಕುರಿಗಾಗಿ. ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ಧಾಮದ ಒಳಗೆ ಟೆಂಟು ಬೇಡ. ಹೊರಗೆ, ಅಂಚಿನ ಹಳ್ಳಿಗಳ ಜಮೀನಿನಲ್ಲಿ, ಊರಿನವರೇ ನಡೆಸುವ ನಾಲ್ಕಾರು ಟೆಂಟುಗಳಿಗೆ ಅವಕಾಶ ಕೊಟ್ಟು ನೋಡಲಿ: ಬೆಂಕಿಯಿಲ್ಲ, ಧ್ವನಿವರ್ಧಕವಿಲ್ಲ, ತಂದ ಕಸ ತಂದವರ ಜೊತೆಗೇ ವಾಪಸು. ಇಲ್ಲಿ ಮಂಜು ಸಿಗಲಿಕ್ಕಿಲ್ಲ. ಡಿಸೆಂಬರಿನ ಚಳಿ, ಮೋಡವಿಲ್ಲದ ಆಕಾಶದ ತುಂಬ ನಕ್ಷತ್ರ ಸಿಗುತ್ತವೆ. ನಾಳೆ ಮುಳ್ಳಯ್ಯನಗಿರಿಗೂ ಇದೇ ಶಿಸ್ತು ಬರಲಿ ಎಂದು ಕೇಳುವ ಅರ್ಹತೆಯೂ ಜಗಳೂರಿಗೆ ದಕ್ಕುತ್ತದೆ.