ಬ್ಯಾಟರಿಗೆ ಎಷ್ಟು ಉಣಿಸಬೇಕು?

ಕಳೆದ ಬೇಸಿಗೆಯಲ್ಲಿ ಹನೂರಿನ ಕಡೆಯ ವಿದ್ಯಾರ್ಥಿಯೊಬ್ಬನು ಮೋಟಾರ್ ಸೈಕಲ್ಲಿನ ಬ್ಯಾಟರಿಯೊಂದನ್ನು ಚೀಲದಲ್ಲಿಟ್ಟುಕೊಂಡು ಕೊಳ್ಳೇಗಾಲದಲ್ಲಿ ನನ್ನ ಬಳಿಗೆ ಬಂದನು. ಅವನ ತಂದೆ ಆ ಬೈಕಿನ ಮೇಲೆಯೇ ರೇಷ್ಮೆಗೂಡನ್ನು ಮಾರುಕಟ್ಟೆಗೆ ಸಾಗಿಸುವವರು. ಬ್ಯಾಟರಿ ಕೊಂಡು ಇನ್ನೂ ಆರು ತಿಂಗಳಾಗಿರಲಿಲ್ಲ. ಆದರೂ ಅದರ ಪಕ್ಕಗಳು ಉಬ್ಬಿಕೊಂಡಿದ್ದವು. ಮೀಟರಿಟ್ಟು ನೋಡಿದರೆ 10.4 ವೋಲ್ಟು. ತುಂಬಿದ ಬ್ಯಾಟರಿ 12.6 ತೋರಬೇಕು. ಒಳಗಿರುವ ಆರು ಕೋಶಗಳಲ್ಲಿ ಒಂದೊಂದರದು ಸುಮಾರು 2.1 ವೋಲ್ಟು, ಹಾಗಾದರೆ ಒಂದು ಕೋಶ ಸತ್ತಿದೆಯೆಂದು ಊಹಿಸುವುದು ಕಷ್ಟವಲ್ಲ.

“ಎಲ್ಲಿ ಚಾರ್ಜ್ ಮಾಡಿಸಿದಿರಪ್ಪ?” ಎಂದು ಕೇಳಿದೆನು.

“ಅಂಗಡಿಯಲ್ಲಿ, ಸಾರ್. ಒಂದು ಟ್ರ್ಯಾಕ್ಟರಿನ ಬ್ಯಾಟರಿ, ಒಂದು ಕಾರಿನದು, ಅದರ ಪಕ್ಕಕ್ಕೆ ನಮ್ಮದು. ಒಂದೇ ಸಾಲಿಗೆ ತಂತಿ ಕೊಟ್ಟು ರಾತ್ರಿಯಿಡೀ ಬಿಟ್ಟಿದ್ದರು. ಮುಳ್ಳು 4 ಆಂಪಿಯರ್ ತೋರುತ್ತಿತ್ತು.”

“ಶ್ರೇಣಿ ಸಂಪರ್ಕದಲ್ಲಿ ಪ್ರವಾಹ ಹೇಗಿರುತ್ತದೆ?”

“ಎಲ್ಲ ಕಡೆಯೂ ಒಂದೇ, ಸಾರ್” ಎಂದು ಥಟ್ಟನೆ ಹೇಳಿದನು. ಹೇಳಿದೊಡನೆಯೇ ತಲೆ ತಗ್ಗಿಸಿದನು.

ಪರೀಕ್ಷೆಯಲ್ಲಿ ಆ ಉತ್ತರಕ್ಕೆ ಪೂರ್ಣಾಂಕವುಂಟು. ಆದರೆ ಅಂಗಡಿಯ ಮುಂದೆ ನಿಂತಾಗ ಅದು ಅವನಿಗೆ ನೆನಪಾಗಲಿಲ್ಲ. ತಪ್ಪು ಅವನೊಬ್ಬನದಲ್ಲ, ಪಾಠ ಹೇಳಿದ ನಮ್ಮದೂ ಹೌದು. ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದಲ್ಲಿ ಸೀಸದ ಸಂಚಾಯಕ ಕೋಶದ ಸಮೀಕರಣವನ್ನು ಬಾಯಿಪಾಠ ಮಾಡಿಸುತ್ತೇವೆ. ಬ್ಯಾಟರಿಯ ಮೈಮೇಲೆ ಅಚ್ಚಾಗಿರುವ ಎರಡು ಅಂಕಿಗಳನ್ನು ಓದಿಸುವುದಿಲ್ಲ.

ಆ ಅಂಕಿಗಳಲ್ಲಿ ಒಂದು ವೋಲ್ಟು, ಇನ್ನೊಂದು ಆಂಪಿಯರ್-ಗಂಟೆ. ಸಾಮಾನ್ಯ ಸೀಸದ ಬ್ಯಾಟರಿಗೆ ಅದರ ಆಂಪಿಯರ್-ಗಂಟೆಯ ಹತ್ತರಲ್ಲೊಂದು ಪಾಲಿನಷ್ಟು ಪ್ರವಾಹವನ್ನು ಕೊಡುವುದು ಹಳೆಯ, ನಂಬತಕ್ಕ ಕಟ್ಟಳೆ. 40 ಆಂಪಿಯರ್-ಗಂಟೆಯ ಕಾರಿನ ಬ್ಯಾಟರಿಗೆ 4 ಆಂಪಿಯರ್ ಹಿತವೇ. ಈ ಹುಡುಗನದು 5 ಆಂಪಿಯರ್-ಗಂಟೆಯದು; ಅದಕ್ಕೆ ಸಲ್ಲುವುದು ಅರ್ಧ ಆಂಪಿಯರ್. ದೊರೆತದ್ದು ಎಂಟು ಪಟ್ಟು! ಅರ್ಧ ಬರಿದಾಗಿದ್ದ ಆ ಬ್ಯಾಟರಿ ಒಂದು ಗಂಟೆಯ ಸುಮಾರಿಗೆ ತುಂಬಿರಬೇಕು. ಉಳಿದ ರಾತ್ರಿಯೆಲ್ಲ ಪ್ರವಾಹಕ್ಕೆ ಬೇರೆ ಕೆಲಸವಿಲ್ಲದೆ ಅದು ನೀರನ್ನು ಒಡೆದು ಜಲಜನಕ, ಆಮ್ಲಜನಕಗಳನ್ನಾಗಿ ಮಾಡಿತು. ಮುಚ್ಚಳ ತೆರೆಯುವ ಬ್ಯಾಟರಿಯಾಗಿದ್ದರೆ ಬಟ್ಟಿಯಿಳಿಸಿದ ನೀರನ್ನು ಹಾಕಬಹುದಿತ್ತು. ಮುದ್ರೆಯೊತ್ತಿದ ಬ್ಯಾಟರಿಯಲ್ಲಿ ಹೋದ ನೀರು ಹೋದಂತೆಯೇ.

ಈ ಜಲಜನಕದ ವಿಷಯವನ್ನು ಹಗುರಾಗಿ ಎಣಿಸಬಾರದು. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲಿನಷ್ಟಾದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬೀಡಿ ಬೇಡ, ಚಾರ್ಜರಿನ ಸ್ವಿಚ್ಚನ್ನು ಆರಿಸದೆ ಹಿಡಿಕೆಗಳನ್ನು ಕಿತ್ತಾಗ ಹಾರುವ ಕಿಡಿಯೇ ಸಾಕು.

ಇನ್ನು ವೋಲ್ಟಿನ ಮಾತು. ಸಾಧಾರಣ 12 ವೋಲ್ಟಿನ ಬ್ಯಾಟರಿಗೆ ಚಾರ್ಜಿನ ಮೇಲ್ಮಿತಿ ಸುಮಾರು 14.4; ತುಂಬಿದ ಬಳಿಕ ಜೋಡಿಸಿಯೇ ಇಡುವುದಾದರೆ 13.5ರ ಆಸುಪಾಸು. ಈಗಿನ ಚಾರ್ಜರುಗಳು ಈ ಬದಲಾವಣೆಯನ್ನು ತಾವೇ ಮಾಡಿಕೊಳ್ಳುತ್ತವೆ. ಆದರೆ ಅವುಗಳ ಮೇಲೆ ಬೈಕು, ಕಾರು, ಹಿಮದ ಹರಳು ಎಂಬ ಚಿತ್ರಗಳಿರುತ್ತವೆ. ಹಿಮದ ಹರಳಿನ ಗುಂಡಿ ಹಲವು ಚಾರ್ಜರುಗಳಲ್ಲಿ 14.7 ವೋಲ್ಟಿನಷ್ಟು ಕೊಡುತ್ತದೆ. ಅದು ಚಳಿನಾಡಿಗೂ, ಎಜಿಎಂ ಎಂಬ ಒಂದು ಜಾತಿಯ ಬ್ಯಾಟರಿಗೂ ಉದ್ದೇಶಿಸಿದ್ದು. “ಹೆಚ್ಚು ಕೊಟ್ಟರೆ ಹೆಚ್ಚು ಬಾಳುತ್ತದೆ” ಎಂದು ಕೊಳ್ಳೇಗಾಲದ ಏಪ್ರಿಲ್ ತಿಂಗಳಲ್ಲಿ ಅದನ್ನು ಒತ್ತುವವರನ್ನು ನಾನು ಕಂಡಿದ್ದೇನೆ. ಉಷ್ಣತೆ 25 ಡಿಗ್ರಿಯಿಂದ 35ಕ್ಕೇರಿದರೆ ಮೇಲ್ಮಿತಿಯನ್ನು ಸುಮಾರು 0.2 ವೋಲ್ಟು ಇಳಿಸಬೇಕೇ ಹೊರತು ಏರಿಸತಕ್ಕದ್ದಲ್ಲ. ಯಳಂದೂರಿನ ಬಯಲಿನಲ್ಲಿ ಸುಡು ಬಿಸಿಲಿರುವಾಗ ಅದೇ ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಮೇಲೆ ತಂಪಿರುತ್ತದೆ; ಎರಡೆಡೆಗೂ ಒಂದೇ ಲೆಕ್ಕ ಹೊಂದುವುದಿಲ್ಲ. ಲಿಥಿಯಂ ಬ್ಯಾಟರಿಗಂತೂ ಅದರದೇ ಚಾರ್ಜರು ಬೇಕು.

ಹಾಗೆಂದು ಕಡಿಮೆ ಉಣಿಸುತ್ತಿರುವುದೂ ಕ್ಷೇಮವಲ್ಲ. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ನಿಂತ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳಾಗಿ ಕೂರುತ್ತದೆ.

ಗ್ಯಾಸ್ಟನ್ ಪ್ಲಾಂಟೆ ಈ ಕೋಶವನ್ನು ರಚಿಸಿದ್ದು 1859ರಲ್ಲಿ. ನಮ್ಮ ನೆರೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ. ಇಷ್ಟು ಹಳೆಯ ವಿದ್ಯೆ ನಮ್ಮ ಅಂಗಡಿಬೀದಿಯನ್ನು ಇನ್ನೂ ಸರಿಯಾಗಿ ಮುಟ್ಟಿಲ್ಲ. ಅಂಗಡಿಯವರು ಅನುಭವಸ್ಥರೇ, ಆದರೆ ಅವರ ಅನುಭವ ಬೆಳೆದದ್ದು ದೊಡ್ಡ ಬ್ಯಾಟರಿಗಳ ಮೇಲೆ. ಹಿಂದಾದರೆ ಬೈಕನ್ನು ಒದ್ದೋ ತಳ್ಳಿಯೋ ಹೊರಡಿಸಬಹುದಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಗೆ ಬಂದ ತರುವಾಯದ ಬೈಕುಗಳಲ್ಲಿ ಬಹುಪಾಲಿಗೆ ಇಂಧನವನ್ನು ಚಿಮ್ಮಿಸಲೂ ವಿದ್ಯುತ್ತು ಬೇಕು. ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿ ಫಲವಿಲ್ಲ. ಕಾಡಂಚಿನ ದಾರಿಯಲ್ಲಿ ಸಂಜೆ ಹೊತ್ತು ಹಾಗೆ ನಿಂತವರಿಗೆ ಇದರ ಅರ್ಥ ತಿಳಿಯುತ್ತದೆ.

ಆದುದರಿಂದ ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಒಂದು ಹಳೆಯ ಬೈಕಿನ ಬ್ಯಾಟರಿ, ಒಂದು ಚಾರ್ಜರು, ಒಂದು ಆಂಪಿಯರ್ ಮೀಟರು ಇರಬೇಕೆಂಬುದು ನನ್ನ ವಾದ. ವೋಲ್ಟು ಏರುತ್ತ ಹೋದಂತೆ ಪ್ರವಾಹ ಇಳಿಯುವುದನ್ನು ವಿದ್ಯಾರ್ಥಿ ಗಂಟೆಗೊಮ್ಮೆ ಬರೆದುಕೊಳ್ಳಲಿ. ಪಠ್ಯದಲ್ಲಿಲ್ಲವೆಂದು ಆಕ್ಷೇಪಿಸುವವರಿರಬಹುದು; ನಾನು ಶನಿವಾರ ಮಧ್ಯಾಹ್ನ ಮಾಡಿಸುತ್ತಿದ್ದೇನೆ. ಆ ಹುಡುಗನು ಮೊನ್ನೆ ಹೊಸ ಬ್ಯಾಟರಿಯನ್ನು ಅದೇ ಅಂಗಡಿಗೆ ಒಯ್ದು, “ಅಣ್ಣಾ, ಇದನ್ನು ಸಾಲಿಗೆ ಸೇರಿಸಬೇಡಿ, ಬೇರೆಯಾಗಿ ಅರ್ಧ ಆಂಪಿಯರಿಗೆ ಇಡಿ” ಎಂದನಂತೆ. ಅಂಗಡಿಯವರು ಕಾರಣ ಕೇಳಿದರಂತೆ. ಇವನು ಅಲ್ಲಿಯೇ ನಿಂತು ಚೀಟಿಯ ಮೇಲೆ ಲೆಕ್ಕ ಬರೆದು ತೋರಿಸಿದನಂತೆ.