ಹಸುವಿನ ಓಲೆ ನಿಮ್ಮ ಹೆಸರಿನಲ್ಲಿದೆ, ಹೊಲದ ಪಹಣಿ?



ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಬಗ್ಗೆ ಬರೆಯಬೇಕಾದ ಪಶುವೈದ್ಯರು ಪಹಣಿ, ನೋಂದಣಿ ಎಂದು ಯಾಕೆ ಶುರುಮಾಡಿದರು ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ.

ನಿಮ್ಮ ಕೊಟ್ಟಿಗೆಗೆ ಬಂದಾಗಲೆಲ್ಲ ನಾನು ಮೊದಲು ನೋಡುವುದು ಹಸುವಿನ ಕಿವಿ. ಅಲ್ಲಿರುವ ಹಳದಿ ಓಲೆಯ 12 ಅಂಕಿಗಳನ್ನು ನೀವು ಎಷ್ಟು ಜೋಪಾನ ಮಾಡುತ್ತೀರಿ ಎಂಬುದು ನನಗೆ ಗೊತ್ತು. ಓಲೆ ಬಿದ್ದುಹೋದರೆ ಅದೇ ದಿನ ನನಗೆ ಫೋನ್ ಬರುತ್ತದೆ. ಓಲೆ ಇಲ್ಲದ ಹಸು ಸತ್ತರೆ ವಿಮೆ ಹಣ ಬರುವುದಿಲ್ಲ. ಹಸು ನಿಮ್ಮದೇ ಎಂದು ಊರೆಲ್ಲ ಸಾಕ್ಷಿ ಹೇಳಿದರೂ ವಿಮೆಯವರು ಕೇಳುವುದು ದಾಖಲೆ. ಇಷ್ಟು ತಿಳಿದ ನಿಮ್ಮನ್ನು, ಅದೇ ಹಸುವಿಗೆ ಮೇವು ಬೆಳೆಯುವ ಹೊಲ ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ, "ನಮ್ಮದೇ ಡಾಕ್ಟ್ರೇ, ಇನ್ಯಾರದು?" ಎನ್ನುತ್ತೀರಿ.

ನಾನು ಚಿಕಿತ್ಸೆಗೆ ಹೋಗುವ ಒಂದು ಊರಿನ ಅಕ್ಕ ಹೀಗೇ ಹೇಳುತ್ತಿದ್ದರು. ಮೂರು ಹಸು, ಎರಡೂ ಹೊತ್ತು ಸೇರಿ ಮೂವತ್ತು ಲೀಟರ್‌ಗೆ ಕಡಿಮೆಯಿಲ್ಲದೆ ಹಾಲು ಹಾಕುತ್ತಾರೆ. ಗಂಡ ತೀರಿಕೊಂಡು ಆರು ವರ್ಷ. ಎರಡು ಎಕರೆಯಲ್ಲಿ ಒಂದು ಮೂಲೆ ನೇಪಿಯರ್ ಹುಲ್ಲು, ಉಳಿದದ್ದು ರಾಗಿ, ಜೋಳ. ಕೊಳವೆಬಾವಿ ತೋಡಿಸಿ ಇನ್ನೆರಡು ಹಸು ಕಟ್ಟೋಣ ಎಂದು ಸಾಲಕ್ಕೆ ಹೋದರು. ಬ್ಯಾಂಕಿನವರು ಪಹಣಿ ಕೇಳಿದರು. ಅದರ 9ನೇ ಕಾಲಂನಲ್ಲಿ ಇದ್ದದ್ದು ಮಾವನ ಹೆಸರು. ಮಾವ ಹೋಗಿ ಇಪ್ಪತ್ತು ವರ್ಷವಾಗಿತ್ತು. ಅಣ್ಣತಮ್ಮಂದಿರು ಹಿರಿಯರ ಮುಂದೆ ಕೂತು ಛಾಪಾ ಕಾಗದದಲ್ಲಿ ಪಾಲುಪಟ್ಟಿ ಬರೆಸಿದ್ದರು, ನಿಜ. ಕಾಗದ ಟ್ರಂಕಿನಲ್ಲೇ ಉಳಿದಿತ್ತು, ನೋಂದಣಿಯಾಗಿರಲಿಲ್ಲ. ಸಾಕ್ಷಿ ಹಾಕಿದ್ದ ಇಬ್ಬರೂ ಈಗಿಲ್ಲ. ಮೈದುನ ಒಳ್ಳೆಯವರು, "ಅದು ಅತ್ತಿಗೆಯದೇ" ಎನ್ನುತ್ತಾರೆ. ಅವರ ಮಗ ಹಾಗೆ ಹೇಳುವುದಿಲ್ಲ, ಯಾಕೆಂದರೆ ಪಕ್ಕದಲ್ಲಿ ಹೊಸ ರಸ್ತೆ ಬಂದು ಜಮೀನಿನ ಬೆಲೆ ಏರಿದೆ. ಆ ಕೊಟ್ಟಿಗೆಯಲ್ಲಿ ಈಗಲೂ ಮೂರೇ ಹಸು.

ಹಸು ಸಾಕುವ ಖರ್ಚಿಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಪಡೆಯಲು ಜಮೀನು ಇರಲೇಬೇಕೆಂದಿಲ್ಲ. ಆದರೆ ಬಾವಿ, ದೊಡ್ಡ ಕೊಟ್ಟಿಗೆ ಎಂದು ಹೊರಟರೆ ಪಹಣಿ ಎದುರಿಗೆ ಬರುತ್ತದೆ.

ಇದರಲ್ಲಿ ಎರಡು ಕಚೇರಿಗಳ ಕೆಲಸವಿದೆ, ನಮ್ಮವರು ಎಡವುವುದು ಇಲ್ಲಿಯೇ. ಕ್ರಯ, ದಾನ, ವಿಭಾಗ ಪತ್ರಗಳು ನೋಂದಣಿಯಾಗುವುದು ಉಪನೋಂದಣಾಧಿಕಾರಿ ಕಚೇರಿಯಲ್ಲಿ. 1908ರ ನೋಂದಣಿ ಕಾಯ್ದೆಯ ಪ್ರಕಾರ ಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ಅಲ್ಲಿ ಹಾಜರುಪಡಿಸಬೇಕು. ಪಹಣಿಯಲ್ಲಿ ಹೆಸರು ಬದಲಾಗುವುದು ಕಂದಾಯ ಇಲಾಖೆಯಲ್ಲಿ. ಪತ್ರ ನೋಂದಣಿಯಾದ ಕೂಡಲೇ ಎಲ್ಲ ಮುಗಿಯಿತು ಎಂದು ಹೋಳಿಗೆ ಊಟ ಮಾಡಿ ಸುಮ್ಮನಾಗಬೇಡಿ. ಮ್ಯುಟೇಶನ್ ಆಯಿತೇ, ಹೊಸ ಪಹಣಿಯಲ್ಲಿ ಹೆಸರು ಬಂತೇ ಎಂದು ತೆಗೆಸಿ ನೋಡಿ. ಇನ್ನೊಂದು ಮಾತು: ಉಪನೋಂದಣಾಧಿಕಾರಿ ಪತ್ರವನ್ನು ದಾಖಲು ಮಾಡುತ್ತಾರೆಯೇ ಹೊರತು, ಮಾರುವವನು ನಿಜವಾದ ಯಜಮಾನನೇ ಎಂದು ತೀರ್ಪು ಕೊಡುವುದಿಲ್ಲ. ಅದಕ್ಕೇ ಜಮೀನು ಕೊಳ್ಳುವ ಮುಂಚೆ ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸಬೇಕು. ಆ ಸರ್ವೆ ನಂಬರಿನ ಮೇಲೆ ಹಿಂದೆ ಏನೇನು ನೋಂದಣಿಯಾಗಿದೆ ಎಂಬುದು ಅದರಲ್ಲಿ ಕಾಣುತ್ತದೆ.

ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬರುವುದು ಪೌತಿ ಖಾತೆ. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ಹಣ ಕೊಡಬೇಕಿಲ್ಲ. ವರ್ಷ ದಾಟಿದರೆ ಅಲೆದಾಟ ಹೆಚ್ಚು. ದುಃಖದ ಮನೆಯಲ್ಲಿ ಕಾಗದದ ಮಾತು ಎತ್ತುವುದು ಸರಿಯಲ್ಲ ಎನ್ನುತ್ತಾರೆ. ತಿಥಿಯ ಖರ್ಚಿನ ಲೆಕ್ಕ ಎತ್ತಬಹುದಾದರೆ ಇದನ್ನೂ ಎತ್ತಬಹುದು ಎಂಬುದು ನನ್ನ ಅಭಿಪ್ರಾಯ. ವಂಶವೃಕ್ಷ ಬರೆಸುವಾಗ ಹೆಂಡತಿ, ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗದಂತೆ ನೀವೇ ಪಕ್ಕದಲ್ಲಿ ನಿಂತು ನೋಡಿ. ಪೌತಿಯಲ್ಲಿ ಎಲ್ಲರ ಹೆಸರೂ ಜಂಟಿಯಾಗಿ ಬರುತ್ತದೆ. ನಿಮ್ಮ ಪಾಲು ಬೇರೆ ಆಗಬೇಕಾದರೆ 11ಇ ನಕ್ಷೆ ಮಾಡಿಸಿ ವಿಭಾಗ ಪತ್ರ ನೋಂದಾಯಿಸಬೇಕು. ಸಹಿ ಹಾಕಬೇಕಾದ ಹಿರಿಯರು ಬದುಕಿರುವಾಗಲೇ ಅದನ್ನು ಮುಗಿಸಿಕೊಳ್ಳಿ.

ಇನ್ನು ತವರಿನ ವಿಷಯ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಬಂದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆದರೂ ಒಂದು ದಿನ ತವರಿನಿಂದ ಕಾರು ಬರುತ್ತದೆ, ಮಡಿಲಿಗೆ ಸೀರೆ ಬೀಳುತ್ತದೆ, "ಒಂದು ಸಹಿ ಹಾಕಿ ಬಾ" ಎನ್ನುತ್ತಾರೆ. ಅದು ಹಕ್ಕು ಬಿಡುಗಡೆ ಪತ್ರ. ಬಿಡುವುದು ನಿಮ್ಮ ಇಷ್ಟ, ತವರಿನ ಬಾಗಿಲು ಮುಚ್ಚಬಾರದು ಎಂಬ ನಿಮ್ಮ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಎಷ್ಟು ಗುಂಟೆ ಬಿಡುತ್ತಿದ್ದೇನೆ ಎಂದು ತಿಳಿದು ಬಿಡಿ. ಅಲ್ಲಿ ನಿಮ್ಮ ಫೋಟೊ ತೆಗೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಆಮೇಲೆ ಗೊತ್ತಿರಲಿಲ್ಲ ಎಂದರೆ ಸಿವಿಲ್ ಕೋರ್ಟಿನ ಮೆಟ್ಟಿಲೇ ಗತಿ.

ಬೇಸರ ಮಾಡಿಕೊಳ್ಳದಿದ್ದರೆ ಒಂದು ಮಾತು. ತವರಿನಲ್ಲಿ ಪಾಲು ಸಿಗಲಿಲ್ಲ ಎಂದು ನನ್ನ ಹತ್ತಿರ ನೊಂದುಕೊಂಡ ಅಕ್ಕನೇ, ನಾದಿನಿ ಬಂದು ಸಹಿ ಹಾಕಲಿಲ್ಲ ಎಂದು ಅದೇ ಜಗಲಿಯಲ್ಲಿ ಬೈದದ್ದನ್ನೂ ಕೇಳಿದ್ದೇನೆ. ಎರಡೂ ಕಡೆ ಇರುವುದು ಒಂದೇ ಕಾಯ್ದೆ.

ಮುಂದಿನ ಬಟವಾಡೆಯ ದಿನ ಸಂಘಕ್ಕೆ ಬರುವಾಗ ಮನೆಯ ಸರ್ವೆ ನಂಬರು ಬರೆದುಕೊಂಡು ಬನ್ನಿ. ನಾಡಕಚೇರಿಯಲ್ಲಿ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಯಾರಿದ್ದಾರೆ, 11ರಲ್ಲಿ ನಿಮಗೆ ತಿಳಿಯದ ಸಾಲ ಏನಾದರೂ ಇದೆಯೇ ನೋಡಿ. ಅಕ್ಷರ ಸಣ್ಣದಿರುತ್ತದೆ, ಓದಲು ಕಷ್ಟವಾದರೆ ಓಲೆ ಹಾಕಲು ನಾನು ಬಂದಾಗ ತೋರಿಸಿ.