ಹಬ್ಬದ ಸದ್ದು, ಹಾಸಿಗೆಯ ಸಂಕಟ

ಮಳೆಗಾಲ ಮುಗಿದೊಡನೆ ಕರಾವಳಿಯಲ್ಲಿ ಜಾತ್ರೆ, ವಾರ್ಷಿಕ ಹಬ್ಬ, ರೋಸ್, ಮದುವೆಗಳ ಸಾಲು ಶುರುವಾಗುತ್ತದೆ. ಸಂಭ್ರಮ ಬೇಕು. ಆದರೆ ಧ್ವನಿವರ್ಧಕದ ಪಕ್ಕದ ಮನೆಯಲ್ಲಿ ರಕ್ತದೊತ್ತಡ, ಮಧುಮೇಹ, ಹೃದ್ರೋಗದಿಂದ ಬಳಲುವ ಹಿರಿಯರಿರುತ್ತಾರೆ. ಮಕ್ಕಳು ದುಬೈ, ಕುವೈತ್‌ಗಳಲ್ಲಿ. ಇವರಿಗೆ ಆಸರೆ ಮೂರು ಉಪಕರಣಗಳು: ಮೊಬೈಲ್, ಬಿ.ಪಿ. ಯಂತ್ರ, ಶ್ರವಣ ಸಾಧನ.

ಗದ್ದಲದ ಎದುರು ಈ ಮೂರೂ ಸೋಲುತ್ತವೆ. ಬಿ.ಪಿ. ನೋಡುವ ಮುನ್ನ 5 ನಿಮಿಷ ಶಾಂತವಾಗಿ ಕುಳಿತಿರಬೇಕು. ಸದ್ದಿನ ನಡುವೆ ಸಿಗುವ ಅಂಕಿಯನ್ನು ನಂಬುವುದು ಕಷ್ಟ. ಶ್ರವಣ ಸಾಧನ ಮಾತಿನೊಂದಿಗೆ ಸುತ್ತಲಿನ ಸದ್ದನ್ನೂ ಹೆಚ್ಚಿಸುತ್ತದೆ. ಎಷ್ಟೋ ಮಂದಿ ಅದನ್ನು ತೆಗೆದೇ ಇಡುತ್ತಾರೆ. ಆಗ ಮಗಳ ಫೋನ್ ಕರೆಯೂ ಕೇಳಿಸದು. ನಿದ್ದೆಗೆಟ್ಟ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಏರಿ, ರಕ್ತದೊತ್ತಡವೂ ಏರುತ್ತದೆ.

ಕಾನೂನು ಸ್ಪಷ್ಟವಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ನಿಷಿದ್ಧ. ಹಬ್ಬಗಳಿಗಾಗಿ ರಾಜ್ಯ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯ ವರೆಗೆ ವಿನಾಯಿತಿ ನೀಡಬಹುದು, ಅಷ್ಟೇ.

ಇಲ್ಲಿ ನಾವು ಬೇರೆಯವರತ್ತ ಬೆರಳು ತೋರಿಸುವ ಮೊದಲು ಒಂದು ಸಂಗತಿ ನೆನಪಿಡಬೇಕು. ಇದೇ ವಿಷಯದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನಿಂತದ್ದು ಚೆನ್ನೈಯ ಒಂದು ಕ್ರೈಸ್ತ ಸಭೆ. ಇತರರ ಶಾಂತಿಗೆ ಭಂಗ ತಂದು ಪ್ರಾರ್ಥಿಸಿ ಎಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ವೃದ್ಧರು ಮತ್ತು ಅಶಕ್ತರ ನಿದ್ದೆಯನ್ನು ಅದು ವಿಶೇಷವಾಗಿ ಪ್ರಸ್ತಾಪಿಸಿತು. ಸಭೆ ಆ ಮೊಕದ್ದಮೆ ಸೋತಿತು.

ಹಾಗಾದರೆ ನಮ್ಮ ಇಗರ್ಜಿಯ ಅಂಗಳದಲ್ಲಿ ಏನು ಮಾಡಬಹುದು? ದೊಡ್ಡ ಪೆಟ್ಟಿಗೆಗಳನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸುವ ಬದಲು ಸಣ್ಣವುಗಳನ್ನು ಜನರತ್ತ ತಿರುಗಿಸಿಡಬಹುದು. ಮೊಬೈಲಿನ ಡೆಸಿಬಲ್ ಆ್ಯಪ್ ನಿಖರ ಸಾಕ್ಷಿಯಲ್ಲದಿದ್ದರೂ ಸದ್ದಿನ ಅಂದಾಜು ಕೊಡುತ್ತದೆ. ವಾರ್ಡಿನ ಗುರಿಕಾರರು ಅದನ್ನು ರೋಗಿಯ ಮನೆಯ ಜಗಲಿಯಲ್ಲಿ ನಿಂತು ನೋಡಲಿ. ಹಬ್ಬದ ಮೊದಲೇ ಅಂತಹ ಮನೆಗಳಿಗೆ ಹೋಗಿ ಸಮಯ ತಿಳಿಸಲಿ. ತುರ್ತಿಗೆ 112, ಹಿರಿಯರ ಸಹಾಯವಾಣಿ 14567. ಈ ಎರಡು ಸಂಖ್ಯೆಗಳನ್ನು ಅವರ ಫೋನಿನಲ್ಲಿ ದಾಖಲಿಸಿ ಕೊಡಲಿ.

ಪ್ರತಿ ತಿಂಗಳು ರೋಗಿಗಳ ಮನೆಗೆ ಪರಮಪ್ರಸಾದ ಒಯ್ಯುವ ನಾವು, ಅದೇ ಮನೆಯ ಕಿಟಕಿಗೆ ರಾತ್ರಿಯಿಡೀ ಸದ್ದನ್ನು ಕಳುಹಿಸುವುದು ಸರಿಯೇ? ಮುಂದಿನ ಪಾಲನಾ ಪರಿಷತ್ ಸಭೆಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಗಲಿ.